ಶ್ರಮವೇ ಪಠ್ಯವಾದ ವಿದ್ಯಾಲಯ

ನ್ಯೂಯಾರ್ಕ್ ನಗರದ ಮ್ಯಾನ್‌ಹ್ಯಾಟನ್ ಭಾಗದಲ್ಲಿ, ಪಶ್ಚಿಮ 43ನೆಯ ಬೀದಿಯಲ್ಲಿ, ‘ದಿ ನ್ಯೂಯಾರ್ಕರ್’ ಪತ್ರಿಕೆಯು ಅರ್ಧ ಶತಮಾನಕ್ಕೂ ಮಿಕ್ಕ ಕಾಲ ತನ್ನ ಕಚೇರಿಯನ್ನಿಟ್ಟುಕೊಂಡಿದ್ದ ಹಳೆಯ ಬಹುಮಹಡಿ ಕಟ್ಟಡವೊಂದುಂಟು. ಅಮೆರಿಕದ ನಯವಾದ ಗದ್ಯಕ್ಕೆ ಒಂದು ಕಾಲದಲ್ಲಿ ತವರೆನಿಸಿದ್ದ ಆ ಕಟ್ಟಡದ ಮೇಲಣ ಅಂತಸ್ತುಗಳಲ್ಲಿ ಈಗ, ಸುತ್ತಲಿನ ಕಚೇರಿಗಳು ಬರಿದಾಗುವ ಹೊತ್ತಿಗೆ, ಕಾಲೇಜಿನ ತರಗತಿಗಳು ಆರಂಭವಾಗುತ್ತವೆ. ಬಸ್ಸಿನ ಚಾಲಕರು, ಸಬ್‌ವೇ ರೈಲಿನ ಹಳಿಗಳನ್ನು ನೋಡಿಕೊಳ್ಳುವವರು, ಆಸ್ಪತ್ರೆಯ ಸಿಬ್ಬಂದಿ, ನಗರಾಡಳಿತದ ಗುಮಾಸ್ತರು, ಕಾರ್ಮಿಕ ಸಂಘಗಳ ಪದಾಧಿಕಾರಿಗಳು, ಹೀಗೆ ಹಗಲೆಲ್ಲ ದುಡಿದು ಬಂದವರು ಅಲ್ಲಿ ಕುಳಿತು ಕಾರ್ಮಿಕ ಚಳವಳಿಯ ಇತಿಹಾಸವನ್ನೂ ನಗರದ ಅರ್ಥವ್ಯವಸ್ಥೆಯನ್ನೂ ಕಾಯಿದೆಗಳ ಸ್ವರೂಪವನ್ನೂ ವ್ಯಾಸಂಗ ಮಾಡುತ್ತಾರೆ. ನ್ಯೂಯಾರ್ಕ್ ನಗರ ವಿಶ್ವವಿದ್ಯಾನಿಲಯದ ವಿದ್ಯಾಸಂಸ್ಥೆಗಳಲ್ಲಿ ತೀರ ಈಚಿನವುಗಳಲ್ಲೊಂದಾದ, 2018ರಲ್ಲಿ ಸ್ವತಂತ್ರ ಕಾಲೇಜಿನ ಸ್ಥಾನವನ್ನು ಪಡೆದ ‘ಸ್ಕೂಲ್ ಆಫ್ ಲೇಬರ್ ಅಂಡ್ ಅರ್ಬನ್ ಸ್ಟಡೀಸ್’ ಎಂಬುದು ಇದೇ. ಸಾರ್ವಜನಿಕ ಹಣದಿಂದ ನಡೆಯುತ್ತ, ಶ್ರಮವನ್ನೂ ಸಾಮಾಜಿಕ ನ್ಯಾಯವನ್ನೂ ತನ್ನ ಅಧ್ಯಯನದ ಕೇಂದ್ರದಲ್ಲಿಟ್ಟುಕೊಂಡಿರುವ ಇಂಥ ಸಂಸ್ಥೆಯಲ್ಲಿ ಉದ್ಯೋಗ ಮಾಡುವುದೆಂದರೆ ಎಂಥದು ಎಂಬುದನ್ನು ಅರಿಯಬೇಕಾದರೆ, ದುಡಿಯುವವರ ವಿದ್ಯೆಯ ವಿಷಯದಲ್ಲಿ ಆ ನಗರವು ನಡೆದುಕೊಂಡು ಬಂದ ರೀತಿಯನ್ನು ತುಸು ಹಿಂದಿನಿಂದಲೇ ನೋಡಬೇಕಾಗುತ್ತದೆ.

1847ರಲ್ಲಿ ಅಲ್ಲಿನ ಶಿಕ್ಷಣ ಮಂಡಳಿಗೆ ಅಧ್ಯಕ್ಷನಾಗಿದ್ದ ಟೌನ್ಸೆಂಡ್ ಹ್ಯಾರಿಸ್ ಎಂಬ ವರ್ತಕನು, ಶುಲ್ಕ ತೆರಲಾರದವರ ಮಕ್ಕಳಿಗೂ ಉಚ್ಚ ಶಿಕ್ಷಣ ದೊರೆಯಬೇಕೆಂದೂ ಅದರ ವೆಚ್ಚವನ್ನು ನಗರವೇ ವಹಿಸಬೇಕೆಂದೂ ವಾದಿಸಿದನು. ಕೂಲಿಯವನ ಮಗನಿಗೆ ಓದುಬರಹ, ಲೆಕ್ಕ ಇಷ್ಟು ಬಂದರೆ ಸಾಲದೆ, ಅದಕ್ಕೂ ಮೇಲಿನ ವ್ಯಾಸಂಗಕ್ಕೆ ತೆರಿಗೆದಾರನು ಏಕೆ ಹಣ ಕೊಡಬೇಕು ಎಂಬ ಆಕ್ಷೇಪವು ಆಗಲೂ ಇದ್ದಿತು. ಇಂದಿಗೂ ಅದು ಪೂರ್ತಿಯಾಗಿ ಅಡಗಿಲ್ಲ. ಪ್ರಶ್ನೆಯನ್ನು ಮತದಾರರ ಮುಂದೆಯೇ ಇಡಲಾಯಿತು; ಅವರು ಭಾರಿ ಬಹುಮತದಿಂದ ಸಮ್ಮತಿಯನ್ನಿತ್ತರು. 1849ರಲ್ಲಿ ಲೆಕ್ಸಿಂಗ್ಟನ್ ಅವೆನ್ಯೂ ಮತ್ತು 23ನೆಯ ಬೀದಿ ಕೂಡುವೆಡೆಯಲ್ಲಿ ‘ಫ್ರೀ ಅಕಾಡೆಮಿ’ ತೆರೆಯಿತು. ಅದರ ಪ್ರಥಮ ಮುಖ್ಯಸ್ಥನಾದ ಹೊರೇಸ್ ವೆಬ್‌ಸ್ಟರನು ಆರಂಭೋತ್ಸವದ ಭಾಷಣದಲ್ಲಿ ಇದನ್ನೊಂದು ಪ್ರಯೋಗವೆಂದೇ ಕರೆದನು. ಸಮಸ್ತ ಜನತೆಯ ಮಕ್ಕಳಿಗೆ ವಿದ್ಯೆ ಕೊಡುವುದು ಸಾಧ್ಯವೆ, ಸವಲತ್ತುಳ್ಳ ಕೆಲವರ ಕೈಯಲ್ಲಲ್ಲದೆ ಜನರ ಇಚ್ಛೆಯ ಬಲದಿಂದಲೇ ಅಂಥ ಸಂಸ್ಥೆಯೊಂದು ನಡೆದೀತೆ ಎಂಬುದೇ ಅವನು ಪರೀಕ್ಷೆಗೆ ಒಡ್ಡಿದ್ದ ಪ್ರಶ್ನೆ. ಆ ಅಕಾಡೆಮಿ ಮುಂದೆ ಸಿಟಿ ಕಾಲೇಜಾಯಿತು. ಹೆಣ್ಣುಮಕ್ಕಳಿಗಾಗಿ 1870ರಲ್ಲಿ ತೊಡಗಿದ ಹಂಟರ್ ಕಾಲೇಜು, 1930ರ ದಶಕದ ಬ್ರೂಕ್ಲಿನ್, ಕ್ವೀನ್ಸ್ ಕಾಲೇಜುಗಳು ಒಂದಾದ ಮೇಲೊಂದರಂತೆ ಹುಟ್ಟಿ, 1961ರಲ್ಲಿ ಎಲ್ಲವೂ ಕೂಡಿ ನಗರ ವಿಶ್ವವಿದ್ಯಾನಿಲಯವೆನಿಸಿದವು.

ಆ ಪ್ರಯೋಗದ ಫಲಗಳಲ್ಲಿ ಒಂದನ್ನು ಇಲ್ಲಿ ವಿಸ್ತಾರವಾಗಿ ಹೇಳಲೇಬೇಕು. ಬಾಲ್ಯದಲ್ಲಿ ಜರ್ಮನಿಯಿಂದ ತಂದೆತಾಯಿಗಳೊಡನೆ ವಲಸೆ ಬಂದು, ಬಾಡಿಗೆಯ ವಠಾರವನ್ನು ಗುಡಿಸಿ ಕಾಯುವ ಕೆಲಸದಲ್ಲಿದ್ದ ತಂದೆಯ ಮಗನಾಗಿ ಬೆಳೆದ ರಾಬರ್ಟ್ ವ್ಯಾಗ್ನರನು 1898ರಲ್ಲಿ ಸಿಟಿ ಕಾಲೇಜಿನ ಪದವೀಧರನಾದನು. ವಕೀಲನಾಗಿ, ರಾಜ್ಯದ ಶಾಸನಸಭೆಯನ್ನು ಪ್ರವೇಶಿಸಿದನು. 1911ರ ಮಾರ್ಚ್ 25ರಂದು ಟ್ರಯಾಂಗಲ್ ಶರ್ಟ್‌ವೇಸ್ಟ್ ಎಂಬ ಉಡುಪಿನ ಕಾರ್ಖಾನೆಯಲ್ಲಿ ಬೆಂಕಿ ಎದ್ದು, 146 ಮಂದಿ, ಬಹುಪಾಲು ಯೆಹೂದಿ ಮತ್ತು ಇಟಲಿಯ ವಲಸೆಗಾರ ಮನೆತನಗಳ ಎಳೆಯ ವಯಸ್ಸಿನ ಹೆಂಗಸರು, ಮಡಿದರು. ಹೊರಬಾಗಿಲೊಂದಕ್ಕೆ ಬೀಗ ಹಾಕಲಾಗಿತ್ತು; ಅಗ್ನಿಶಾಮಕ ದಳದವರ ಏಣಿಗಳು ಆರನೆಯ ಅಂತಸ್ತಿನ ಮಟ್ಟದಿಂದ ಮೇಲಕ್ಕೆ ಎಟುಕಲಿಲ್ಲ, ಕಾರ್ಖಾನೆಯಿದ್ದುದು ಎಂಟು, ಒಂಬತ್ತು ಮತ್ತು ಹತ್ತನೆಯ ಅಂತಸ್ತುಗಳಲ್ಲಿ. ಆ ದುರಂತದ ತರುವಾಯ ಕಾರ್ಖಾನೆಗಳ ಸ್ಥಿತಿಯನ್ನು ವಿಚಾರಿಸಲು ರಾಜ್ಯವು ನೇಮಿಸಿದ ಆಯೋಗಕ್ಕೆ ವ್ಯಾಗ್ನರನೇ ಅಧ್ಯಕ್ಷ. ಅಲ್ಲಿ ಕಂಡುದನ್ನು ಅವನು ಮರೆಯಲಿಲ್ಲವೆಂದೇ ತೋರುತ್ತದೆ. ಏಕೆಂದರೆ 1935ರಲ್ಲಿ, ಆ ವೇಳೆಗೆ ಅಮೆರಿಕದ ಸೆನೆಟ್ ಸದಸ್ಯನಾಗಿದ್ದ ಅವನು ರೂಪಿಸಿದ, ಇಂದಿಗೂ ಅವನ ಹೆಸರಿನಿಂದಲೇ ಕರೆಯಲ್ಪಡುವ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಕಾಯಿದೆಯು, ಸಂಘ ಕಟ್ಟುವ, ಮಾಲೀಕನೊಡನೆ ಸಾಮೂಹಿಕವಾಗಿ ಚೌಕಾಶಿ ಮಾಡುವ, ಮುಷ್ಕರ ಹೂಡುವ ಹಕ್ಕುಗಳನ್ನು ಆ ದೇಶದ ಕಾರ್ಮಿಕನಿಗೆ ಶಾಸನಬದ್ಧವಾಗಿ ತಂದುಕೊಟ್ಟಿತು. ನಗರದ ಜನರು ತೆರಿಗೆಯ ಹಣದಿಂದ ಬಡವನ ಮಗನೊಬ್ಬನನ್ನು ಓದಿಸಿದ್ದಕ್ಕೆ ಇದಕ್ಕಿಂತ ದೊಡ್ಡ ಪ್ರತಿಫಲವನ್ನು ಕಲ್ಪಿಸಿಕೊಳ್ಳುವುದು ಕಷ್ಟ.

ಆದರೆ ಆ ಕಾಯಿದೆಯು ಮೂರು ವರ್ಗದವರನ್ನು ಹೊರಗಿಟ್ಟಿತು: ಹೊಲದ ಕೂಲಿಗಳು, ಮನೆಗೆಲಸದವರು, ಸರ್ಕಾರದ ನೌಕರರು. ಮೊದಲಿನ ಎರಡು ಕೆಲಸಗಳನ್ನೇ ದಕ್ಷಿಣ ರಾಜ್ಯಗಳ ಕಪ್ಪು ಜನರಲ್ಲಿ ಬಹುಮಂದಿ ಅಂದು ಮಾಡುತ್ತಿದ್ದರೆಂಬುದನ್ನು ನೆನೆದರೆ, ಆ ವರ್ಜನೆಯ ಹಿಂದಿದ್ದ ರಾಜಕೀಯವು ಸ್ಪಷ್ಟವಾಗುತ್ತದೆ. ನ್ಯೂಯಾರ್ಕ್ ರಾಜ್ಯದಲ್ಲಿ ಮನೆಗೆಲಸದವರಿಗೆ ವಾರದಲ್ಲೊಂದು ದಿನ ವಿರಾಮ, ಹೆಚ್ಚುವರಿ ದುಡಿಮೆಗೆ ಹೆಚ್ಚುವರಿ ಕೂಲಿ ಎಂಬ ಸಾಮಾನ್ಯ ರಕ್ಷಣೆಗಳು ಶಾಸನದ ಮೂಲಕ ದೊರೆತುದು 2010ರಲ್ಲಿ; ಹೊಲದ ಕೂಲಿಗಳಿಗೆ ಸಂಘ ಕಟ್ಟುವ ಹಕ್ಕು ದೊರೆತುದು 2019ರ ಶಾಸನದಿಂದ. ಮೂರನೆಯ ವರ್ಗದವರಾದ ಸರ್ಕಾರಿ ನೌಕರರ ಕಥೆ ಇನ್ನೂ ಮುಗಿದಿಲ್ಲ. 43ನೆಯ ಬೀದಿಯ ಆ ಕಾಲೇಜಿಗೆ ಸಂಜೆ ಬರುವ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಈ ವರ್ಗದವರು; ಅವರಿಗೆ ಬೋಧಿಸುವ ಅಧ್ಯಾಪಕರಂತೂ ಎಲ್ಲರೂ ಅದೇ ವರ್ಗದವರು. ಈ ಲೇಖನದ ಮುಖ್ಯ ಮಾತು ಅಲ್ಲಿಯೇ ಇದೆ. ಅದಕ್ಕೆ ಬರುವ ಮೊದಲು ಕಾಲೇಜು ಹುಟ್ಟಿದ ಬಗೆಯನ್ನು ಹೇಳಿಬಿಡಬೇಕು.

ದುಡಿಯುವವರಿಗೆಂದೇ ವಿದ್ಯಾಲಯಗಳನ್ನು ಕಟ್ಟುವ ಯತ್ನ ಆ ದೇಶಕ್ಕೆ ಹೊಸತಲ್ಲ. ನ್ಯೂಯಾರ್ಕಿನ ಉತ್ತರಕ್ಕೆ ಕಟೋನಾ ಎಂಬ ಊರಿನಲ್ಲಿ 1921ರಲ್ಲಿ ತೆರೆದ ಬ್ರೂಕ್‌ವುಡ್ ಲೇಬರ್ ಕಾಲೇಜಿನಲ್ಲಿ ಗಣಿಗಳಿಂದಲೂ ಗಿರಣಿಗಳಿಂದಲೂ ಬಂದವರು ವಾಸವಾಗಿದ್ದು ಓದುತ್ತಿದ್ದರು. ಅಲ್ಲಿನ ಬೋಧನೆಯು ಸಂಘಗಳ ನಾಯಕತ್ವವನ್ನೇ ಪ್ರಶ್ನಿಸತೊಡಗಿದಾಗ, 1928ರಲ್ಲಿ ಅಮೆರಿಕನ್ ಫೆಡರೇಷನ್ ಆಫ್ ಲೇಬರಿನ ಹಿರಿಯರು ತಮ್ಮ ಸಂಘಗಳಿಗೆ ಬೆಂಬಲವನ್ನು ಹಿಂತೆಗೆದುಕೊಳ್ಳುವಂತೆ ಸೂಚಿಸಿದರು. ತತ್ತ್ವಜ್ಞಾನಿ ಜಾನ್ ಡ್ಯೂಯಿ ಬ್ರೂಕ್‌ವುಡ್ಡಿನ ಪರವಾಗಿ ಕಟುವಾಗಿಯೇ ಬರೆದನು; ಆದರೂ ಹಣದ ಮುಗ್ಗಟ್ಟು, ಒಳಜಗಳ ಎರಡೂ ಸೇರಿ 1937ರಲ್ಲಿ ಅದು ಮುಚ್ಚಿತು. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ 1899ರಲ್ಲಿ ಸ್ಥಾಪಿತವಾದ ರಸ್ಕಿನ್ ಕಾಲೇಜಿನಲ್ಲಿಯೂ ಏನನ್ನು ಕಲಿಸಬೇಕೆಂಬ ವಿವಾದವೆದ್ದು 1909ರಲ್ಲಿ ಕಾರ್ಮಿಕ ವಿದ್ಯಾರ್ಥಿಗಳೇ ಮುಷ್ಕರ ಹೂಡಿದ್ದುಂಟು. ಇವೆರಡರಿಂದ ನನಗೆ ತೋರುವುದೇನೆಂದರೆ, ದಾನಿಯ ಹಣದಿಂದ ನಡೆಯುವ ಕಾರ್ಮಿಕ ವಿದ್ಯಾಲಯ ದಾನಿಗೆ ಅಂಜಬೇಕು, ಸಂಘದ ಹಣದಿಂದ ನಡೆಯುವುದು ಸಂಘಕ್ಕೆ ಅಂಜಬೇಕು. ಸಾರ್ವಜನಿಕ ವಿಶ್ವವಿದ್ಯಾನಿಲಯದ ಭಾಗವಾದುದಕ್ಕೆ ಮಾತ್ರ, ಅದಕ್ಕೆ ಅದರದೇ ಆದ ಅಂಜಿಕೆಗಳಿದ್ದರೂ, ಅಧ್ಯಾಪಕನ ವಿಚಾರಸ್ವಾತಂತ್ರ್ಯವೆಂಬ ಹಳೆಯ ಸಂಪ್ರದಾಯದ ಆಸರೆಯಿರುತ್ತದೆ.

ಇಲ್ಲಿ ನಮ್ಮವರಿಗೆ ನೆನಪಾಗಬೇಕಾದ ಸಂಗತಿಯೊಂದಿದೆ. ಅದೇ ಡ್ಯೂಯಿಯ ಬಳಿ, ಅದೇ ಮ್ಯಾನ್‌ಹ್ಯಾಟನ್ನಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ, 1913ರಿಂದ 1916ರವರೆಗೆ ಬಾಬಾಸಾಹೇಬ ಅಂಬೇಡ್ಕರರು ವ್ಯಾಸಂಗ ಮಾಡಿದರು. ಮುಂದೆ ಅವರು 1942ರಿಂದ 1946ರವರೆಗೆ ವೈಸರಾಯರ ಕಾರ್ಯಕಾರಿ ಮಂಡಲಿಯಲ್ಲಿ ಕಾರ್ಮಿಕ ಖಾತೆಯನ್ನು ವಹಿಸಿ, ಅದೇ ವರ್ಷಗಳಲ್ಲಿ, 1945ರಲ್ಲಿ, ಪೀಪಲ್ಸ್ ಎಜುಕೇಷನ್ ಸೊಸೈಟಿಯನ್ನು ಸ್ಥಾಪಿಸಿ, ಮರುವರ್ಷವೇ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜನ್ನು ತೆರೆದರು. ಕಾರ್ಮಿಕ ಶಾಸನ ಮತ್ತು ಉಚ್ಚ ಶಿಕ್ಷಣ ಇವೆರಡನ್ನೂ ಒಂದೇ ಕಾರ್ಯದ ಎರಡು ಅಂಗಗಳಾಗಿ ಕಂಡ ಅಂಥ ದೃಷ್ಟಿ ನಮ್ಮ ವಿಶ್ವವಿದ್ಯಾನಿಲಯಗಳ ಯೋಜನೆಗಳಲ್ಲಿ ಆಮೇಲೆ ಬೇರೂರಲಿಲ್ಲವೆಂಬುದು ನನ್ನ ಬಹುದಿನದ ಕೊರಗು.

ನ್ಯೂಯಾರ್ಕಿಗೆ ಹಿಂದಿರುಗೋಣ. 1969ರ ವಸಂತದಲ್ಲಿ ಕಪ್ಪು ಮತ್ತು ಪೋರ್ಟೊರಿಕೋ ಮೂಲದ ವಿದ್ಯಾರ್ಥಿಗಳು ಸಿಟಿ ಕಾಲೇಜಿನ ಆವರಣದ ಒಂದು ಭಾಗವನ್ನು ವಶಪಡಿಸಿಕೊಂಡು, ಕಪ್ಪು ಜನರೇ ಹೆಚ್ಚಾಗಿ ವಾಸಿಸುತ್ತಿದ್ದ ಹಾರ್ಲೆಮ್ ಬಡಾವಣೆಯ ನಡುವೆಯೇ ನಿಂತಿದ್ದ ಕಾಲೇಜಿಗೆ ಹಾರ್ಲೆಮಿನ ಮಕ್ಕಳೇಕೆ ಬರಲಾಗುತ್ತಿಲ್ಲವೆಂದು ಕೇಳಿದರು. ಮರುವರ್ಷ, 1970ರಲ್ಲಿ, ನಗರದ ಪ್ರೌಢಶಾಲೆಯನ್ನು ಮುಗಿಸಿದ ಪ್ರತಿಯೊಬ್ಬರಿಗೂ ವಿಶ್ವವಿದ್ಯಾನಿಲಯದಲ್ಲಿ ಸ್ಥಳವೆಂಬ ಮುಕ್ತ ಪ್ರವೇಶದ ನೀತಿ ಜಾರಿಗೆ ಬಂದಿತು. ಕಪ್ಪು ಜನರಿಗಾಗಿ ತಂದದ್ದೆಂದು ಟೀಕಾಕಾರರು ಹೇಳುತ್ತಿದ್ದ ಆ ನೀತಿಯಿಂದ ಇಟಲಿ, ಐರ್ಲೆಂಡ್ ಮೂಲದ ಬಿಳಿಯ ಕಾರ್ಮಿಕರ ಮಕ್ಕಳೂ ಸಾವಿರಾರು ಸಂಖ್ಯೆಯಲ್ಲಿ ಕಾಲೇಜಿನ ಮೆಟ್ಟಿಲೇರಿದರು. ಆದರೆ 1975ರಲ್ಲಿ ನಗರವು ದಿವಾಳಿಯ ಅಂಚಿಗೆ ಬಂದಿತು. 1976ರಲ್ಲಿ, ನೂರು ವರ್ಷಗಳಿಗೂ ಮಿಕ್ಕು ನಡೆದುಬಂದಿದ್ದ ಉಚಿತ ವಿದ್ಯೆ ನಿಂತು ಶುಲ್ಕ ಆರಂಭವಾಯಿತು. ಬಾಗಿಲು ಎಲ್ಲರಿಗೂ ತೆರೆದ ಕೆಲವೇ ವರ್ಷಗಳಲ್ಲಿ ಬಾಗಿಲಿಗೆ ಸುಂಕವನ್ನು ಕಟ್ಟಿದ್ದು ಕೇವಲ ಆಕಸ್ಮಿಕವೆಂದು ನಂಬಲು ನನ್ನ ಮನಸ್ಸು ಒಪ್ಪುವುದಿಲ್ಲ.

ಆ ಸಂಕಷ್ಟದ ಮುಂದಿನ ದಶಕದಲ್ಲಿ, 1984ರಲ್ಲಿ, ನಗರದ ಕಾರ್ಮಿಕ ಸಂಘಗಳ ಸಹಕಾರದಿಂದ ಕ್ವೀನ್ಸ್ ಕಾಲೇಜಿನ ಆಶ್ರಯದಲ್ಲಿ ಕಾರ್ಮಿಕ ಶಿಕ್ಷಣದ ಕಿರಿದಾದ ಕಾರ್ಯಕ್ರಮವೊಂದು ಮೊದಲಾಯಿತು. ಕ್ವೀನ್ಸ್ ಕಾಲೇಜಿನ ಅಧ್ಯಕ್ಷನಾಗಿದ್ದು, ಆಗ ವಿಶ್ವವಿದ್ಯಾನಿಲಯದ ಕುಲಪತಿಯ ಸ್ಥಾನದಲ್ಲಿದ್ದ ಜೋಸೆಫ್ ಮರ್ಫಿಯ ಹೆಸರನ್ನು ಅದು ಮುಂದೆ ಧರಿಸಿತು. ಗ್ರೆಗರಿ ಮ್ಯಾಂಟ್ಸಿಯೋಸ್ ಎಂಬವರ ದೀರ್ಘಕಾಲದ ನಿರ್ದೇಶನದಲ್ಲಿ ಅದು ಬೆಳೆದು, 1997ರಲ್ಲಿ ‘ನ್ಯೂ ಲೇಬರ್ ಫೋರಮ್’ ಎಂಬ ವಿಚಾರಪತ್ರಿಕೆಯನ್ನು ತೊಡಗಿ, 2018ರಲ್ಲಿ ಅವರೇ ಪ್ರಥಮ ಡೀನರಾಗಿ ಸ್ವತಂತ್ರ ಕಾಲೇಜಾಯಿತು. ಅಮೆರಿಕದಲ್ಲಿ ಇಂದು ಸಂಘಗಳ ಸದಸ್ಯರಾದ ನೌಕರರು ಸುಮಾರು ಶೇ. 10 ಮಾತ್ರ, ನ್ಯೂಯಾರ್ಕ್ ರಾಜ್ಯದಲ್ಲಿ ಅದರ ಇಮ್ಮಡಿ. ಇಂಥ ಕಾಲೇಜು ಬೇರೆಲ್ಲೂ ಅಲ್ಲದೆ ಇಲ್ಲಿಯೇ ನೆಲೆನಿಂತುದಕ್ಕೆ ಅದೂ ಒಂದು ಕಾರಣ. ಹಲವು ಸಂಘಗಳು ಮಾಲೀಕರೊಡನೆ ಮಾಡಿಕೊಂಡ ಒಪ್ಪಂದಗಳ ಮೂಲಕ ಶಿಕ್ಷಣ ನಿಧಿಗಳನ್ನು ಗಳಿಸಿಕೊಂಡು, ಸದಸ್ಯರ ಶುಲ್ಕವನ್ನು ಅವುಗಳಿಂದ ಭರಿಸುತ್ತವೆ.

ಇಲ್ಲಿ ಅಧ್ಯಾಪಕನ ಕೆಲಸ ಸಾಮಾನ್ಯ ಕಾಲೇಜಿನ ಕೆಲಸದಂತಲ್ಲ. ಹದಿನೆಂಟರ ಹುಡುಗನಿಗೆ ‘ಶ್ರಮ’ವೆಂಬುದು ಪುಸ್ತಕದ ಒಂದು ಪದ, ಇಪ್ಪತ್ತು ವರ್ಷ ಬಸ್ಸು ನಡೆಸಿದವನಿಗೆ ಅದು ಬೆನ್ನಿನ ನೋವು, ಮೇಲ್ವಿಚಾರಕನ ದನಿ, ಪಾಳಿಯ ಪಟ್ಟಿ, ಊಟದ ಬಿಡುವಿನ ನಿಮಿಷಗಳು. ವಿಷಯವನ್ನು ಅಧ್ಯಾಪಕನಿಗಿಂತ ವಿದ್ಯಾರ್ಥಿ ಚೆನ್ನಾಗಿ ಬಲ್ಲನೆಂಬ ಅರಿವು ಅಲ್ಲಿ ಪ್ರತಿದಿನದ ವಿನಯವಾಗುತ್ತದೆ. ಹಾಗೆಂದು ಅಧ್ಯಾಪಕನು ಕೊಡತಕ್ಕದ್ದು ಏನೂ ಇಲ್ಲವೆಂದಲ್ಲ. ತನ್ನ ಪಾಳಿಯ ಪಟ್ಟಿ ಹೀಗೇಕಿದೆ ಎಂಬುದು ಚಾಲಕನಿಗೆ ಗೊತ್ತು. ಅದು ಹೀಗೆಯೇ ಇರಬೇಕಾಗಿಲ್ಲವೆಂಬುದು, ಒಮ್ಮೆ ಬೇರೆ ಬಗೆಯಾಗಿತ್ತೆಂಬುದು, ಬೇರೆಯಾದುದು ಯಾರ ಯಾವ ಹೋರಾಟದಿಂದ ಎಂಬುದು ಇತಿಹಾಸದಿಂದ ಮಾತ್ರ ತಿಳಿಯುವ ಸಂಗತಿ. 1962ರಲ್ಲಿ ಇದೇ ನಗರದ ವಿದ್ಯುತ್ ಕೆಲಸಗಾರರ ಸಂಘವು ದಿನಕ್ಕೆ ಐದು ಗಂಟೆಯಂತೆ ವಾರಕ್ಕೆ 25 ಗಂಟೆಗಳ ದುಡಿಮೆಯ ಒಪ್ಪಂದವನ್ನು ಗೆದ್ದುಕೊಂಡಿತೆಂದು ಕೇಳಿದಾಗ, ವಾರಕ್ಕೆ 50 ಗಂಟೆ ದುಡಿದು ಬಂದು ಕುಳಿತವನ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳೇ ಆ ಕಾಲೇಜಿನ ನಿಜವಾದ ಪಠ್ಯಕ್ರಮವೆನ್ನಬೇಕು.

ಕಷ್ಟದ ಪಾಠಗಳೂ ಉಂಟು. ಅದೇ ನಗರದ ಕಟ್ಟಡ ಕೆಲಸದ ಸಂಘಗಳಲ್ಲಿ ಹಲವು, ಬಹಳ ಕಾಲ ಕಪ್ಪು ಜನರನ್ನು ಒಳಕ್ಕೆ ಸೇರಿಸಲೊಲ್ಲದಿದ್ದವು. 1963ರಲ್ಲಿ ಬ್ರೂಕ್ಲಿನ್ನಿನಲ್ಲಿ ಸರ್ಕಾರಿ ವೈದ್ಯಕೀಯ ಕೇಂದ್ರವೊಂದು ಏಳುತ್ತಿದ್ದಾಗ ಆ ಅನ್ಯಾಯದ ವಿರುದ್ಧ ಜನರು ಲಾರಿಗಳಿಗೆ ಅಡ್ಡ ಮಲಗಿ ಸೆರೆಯಾದರು. ಸಂಘಗಳ ಸಹಕಾರದಿಂದ ಹುಟ್ಟಿದ ಕಾಲೇಜಿನಲ್ಲಿ, ಸಂಘದ ಪದಾಧಿಕಾರಿಯು ಮುಂದೆ ಕುಳಿತಿರುವಾಗ, ಇದನ್ನು ಮುಚ್ಚುಮರೆಯಿಲ್ಲದೆ ಬೋಧಿಸುವುದು ಅಧ್ಯಾಪಕನ ಧರ್ಮ. ಬೋಧಿಸದಿದ್ದರೆ ಶ್ರಮದ ಅಧ್ಯಯನವು ಸಂಘಗಳ ಸ್ತೋತ್ರಪಾಠವಾದೀತು. ತಂದೆಗೆ ಸದಸ್ಯತ್ವ ನಿರಾಕರಿಸಿದ ಸಂಘದಲ್ಲಿ ತಾನಿಂದು ಸದಸ್ಯಳಾಗಿರುವ ವಿದ್ಯಾರ್ಥಿನಿಗೆ ಅಂಥ ಸ್ತೋತ್ರದಿಂದ ಪ್ರಯೋಜನವೇನೂ ಇಲ್ಲ.

ಇನ್ನು ವಿದ್ಯಾರ್ಥಿಗಳ ಬರವಣಿಗೆ. ಬಹುವರ್ಷಗಳ ಮೇಲೆ ಮತ್ತೆ ಲೇಖನಿ ಹಿಡಿದವರ ಪ್ರಬಂಧಗಳಲ್ಲಿ ತಪ್ಪುಗಳಿರುವುದು ಸಹಜ. ಮುಕ್ತ ಪ್ರವೇಶದ ಕಾಲದಲ್ಲಿ ಸಿಟಿ ಕಾಲೇಜಿನಲ್ಲಿ ಇಂಥವರಿಗೆ ಬರಹ ಕಲಿಸುತ್ತಿದ್ದ ಮೀನಾ ಶಾಘ್ನೆಸಿ, ಸಾವಿರಾರು ಪ್ರಬಂಧಗಳನ್ನು ಶ್ರದ್ಧೆಯಿಂದ ಪರಿಶೀಲಿಸಿ, ಆ ತಪ್ಪುಗಳು ಮನಬಂದಂತೆ ಆದವಲ್ಲ, ಅವುಗಳಿಗೂ ಒಂದು ತರ್ಕವಿದೆ, ಅದನ್ನು ಅರಿತ ಅಧ್ಯಾಪಕನು ಮಾತ್ರ ಅವನ್ನು ತಿದ್ದಬಲ್ಲನೆಂದು 1977ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಸಾಧಿಸಿ ತೋರಿದರು. ಇದು ಎಲ್ಲ ಭಾಷೆಗಳ ಎಲ್ಲ ಉಪಾಧ್ಯಾಯರೂ ಓದತಕ್ಕ ಪುಸ್ತಕ. ಸಂಜೆಯ ತರಗತಿಯ ಕಾಗದಗಳನ್ನು ಮನೆಗೊಯ್ದು ತಿದ್ದುವವರ ಶ್ರಮವು ಯಾವ ವೇತನಪಟ್ಟಿಯಲ್ಲಿಯೂ ಪೂರ್ತಿಯಾಗಿ ಕಾಣದು. ಆದರೆ ಈ ಬಗೆಯ ಕಾಲೇಜು ನಿಂತಿರುವುದು ಆ ಶ್ರಮದ ಮೇಲೆಯೇ.

ಆ ಶ್ರಮಿಗಳ ಸ್ಥಿತಿಯೇನು? ವ್ಯಾಗ್ನರನ ಕಾಯಿದೆ ಸರ್ಕಾರಿ ನೌಕರರನ್ನು ಹೊರಗಿಟ್ಟಿತೆಂದೆನಷ್ಟೆ. ನಗರದ ಮೇಯರನಾಗಿದ್ದ ಅವನ ಮಗ ಕಿರಿಯ ರಾಬರ್ಟ್ ವ್ಯಾಗ್ನರನು 1958ರಲ್ಲಿ ಆಜ್ಞೆಯೊಂದನ್ನು ಹೊರಡಿಸಿ ನಗರದ ನೌಕರರಿಗೆ ಸಾಮೂಹಿಕ ಚೌಕಾಶಿಯ ಹಕ್ಕನ್ನು ಕೊಟ್ಟನು. ತಂದೆ ಬಿಟ್ಟ ಕಾರ್ಯವನ್ನು ಮಗನು ಅರ್ಧದವರೆಗೆ ಕೊಂಡೊಯ್ದನೆನ್ನಬಹುದು. ಬಳಿಕ 1966ರ ಜನವರಿಯಲ್ಲಿ ಸಾರಿಗೆ ಕಾರ್ಮಿಕರು, ಮೈಕ್ ಕ್ವಿಲ್ಲನ ನಾಯಕತ್ವದಲ್ಲಿ, ನಗರವನ್ನು 12 ದಿನ ಸ್ತಬ್ಧಗೊಳಿಸಿದರು. ನ್ಯಾಯಾಲಯದ ನಿಷೇಧಾಜ್ಞೆಯನ್ನು ಧಿಕ್ಕರಿಸಿ ಸೆರೆಮನೆ ಸೇರಿದ ಕ್ವಿಲ್, ಮುಷ್ಕರ ಗೆದ್ದ ಕೆಲವೇ ದಿನಗಳಲ್ಲಿ ತೀರಿಕೊಂಡನು. ಆ ಮುಷ್ಕರಕ್ಕೆ ಉತ್ತರವಾಗಿ 1967ರಲ್ಲಿ ರಾಜ್ಯವು ತಂದುದೇ ಟೇಲರ್ ಕಾಯಿದೆ. ಸಾರ್ವಜನಿಕ ನೌಕರರು ಸಂಘ ಕಟ್ಟಬಹುದು, ಚೌಕಾಶಿ ಮಾಡಬಹುದು, ಮುಷ್ಕರ ಹೂಡುವಂತಿಲ್ಲ. ಹೂಡಿದರೆ ಒಂದು ದಿನದ ಮುಷ್ಕರಕ್ಕೆ ಎರಡು ದಿನದ ಸಂಬಳ ಹೋಗುತ್ತದೆ. ಸಂಬಳದಿಂದ ಸದಸ್ಯರ ಚಂದಾವನ್ನು ಹಿಡಿದುಕೊಳ್ಳುವ ಸೌಲಭ್ಯವನ್ನು ಸಂಘವು ಕಳೆದುಕೊಳ್ಳುತ್ತದೆ. ಇವು ಕಾಗದದ ಮೇಲಣ ಬೆದರಿಕೆಗಳಲ್ಲ. 2005ರ ಡಿಸೆಂಬರಿನಲ್ಲಿ ಸಾರಿಗೆ ಕಾರ್ಮಿಕರು ಮತ್ತೆ ಕೆಲಸ ನಿಲ್ಲಿಸಿದಾಗ ಸಂಘಕ್ಕೆ 25 ಲಕ್ಷ ಡಾಲರುಗಳ ದಂಡ ಬಿದ್ದಿತು. ಅಧ್ಯಕ್ಷ ರೋಜರ್ ಟೂಸಾಂಗೆ ಸೆರೆವಾಸವಾಯಿತು.

ನಗರ ವಿಶ್ವವಿದ್ಯಾನಿಲಯದ ಅಧ್ಯಾಪಕರೂ ಇದೇ ಕಾಯಿದೆಗೆ ಒಳಪಟ್ಟವರು. ಹೀಗಾಗಿ, ಮುಷ್ಕರದ ಇತಿಹಾಸವನ್ನೂ ತಂತ್ರವನ್ನೂ ನೀತಿಯನ್ನೂ ವೃತ್ತಿಯಾಗಿ ಬೋಧಿಸುವವರಿಗೆ ಮುಷ್ಕರದ ಹಕ್ಕಿಲ್ಲ. ಎದುರಿಗೆ ಕುಳಿತ ಬಸ್ ಚಾಲಕನೂ ಕಪ್ಪುಹಲಗೆಯ ಬಳಿ ನಿಂತ ಅಧ್ಯಾಪಕಿಯೂ ಒಂದೇ ನಿರ್ಬಂಧದ ಕೆಳಗಿರುವವರು. ಟೇಲರ್ ಕಾಯಿದೆಯನ್ನು ಪಾಠ ಮಾಡುವ ದಿನ ಆ ಕೋಣೆಯಲ್ಲಿ ಬೋಧಕನೂ ಬೋಧಿತನೂ ಬೇರೆ ಬೇರೆಯಲ್ಲ. ಆ ಒಗ್ಗಟ್ಟು ಖಾಸಗಿ ವಿಶ್ವವಿದ್ಯಾನಿಲಯದ ಎಷ್ಟು ಭವ್ಯವಾದ ಸಭಾಂಗಣದಲ್ಲಿಯೂ ದೊರೆಯದು.

1972ರಲ್ಲಿ ರೂಪುಗೊಂಡ ಆ ಅಧ್ಯಾಪಕರ ಸಂಘ, ಪ್ರೊಫೆಷನಲ್ ಸ್ಟಾಫ್ ಕಾಂಗ್ರೆಸ್, 2010ರಲ್ಲಿ ಅವಧಿ ಮುಗಿದ ಒಪ್ಪಂದದ ಮೇಲೆಯೇ ಆರು ವರ್ಷಗಳ ಹತ್ತಿರ ದಿನ ದೂಡಬೇಕಾಯಿತು. ಹಳೆಯ ಒಪ್ಪಂದದ ಷರತ್ತುಗಳು ಹೊಸದು ಬರುವವರೆಗೆ ಜಾರಿಯಲ್ಲಿರತಕ್ಕದ್ದೆಂಬ, ಟೇಲರ್ ಕಾಯಿದೆಯ 1982ರ ತಿದ್ದುಪಡಿ ಇಲ್ಲದಿದ್ದಲ್ಲಿ ಅವರ ಗತಿ ಇನ್ನೂ ಹೀನವಾಗುತ್ತಿತ್ತು. ಕೊನೆಗೆ 2016ರ ಮೇ ತಿಂಗಳಿನಲ್ಲಿ, ಕಾಯಿದೆಯ ದಂಡನೆಗಳನ್ನೆಲ್ಲ ಅರಿತೂ, ಮತ ಹಾಕಿದ ಸದಸ್ಯರಲ್ಲಿ ಶೇ. 92 ಮಂದಿ, ಅಗತ್ಯಬಿದ್ದರೆ ಮುಷ್ಕರಕ್ಕೆ ಕರೆಯೀಯಲು ಸಂಘಕ್ಕೆ ಅಧಿಕಾರವಿತ್ತರು. ಮುಷ್ಕರ ನಡೆಯಲಿಲ್ಲ, ಮರುತಿಂಗಳೇ ಒಪ್ಪಂದವಾಯಿತು. ತರಗತಿಯಲ್ಲಿ ಹೇಳುತ್ತಿದ್ದುದನ್ನು ತಮ್ಮ ಬಾಳಿನಲ್ಲಿ ಆಚರಿಸಲು ಹಿಂಜರಿಯದವರನ್ನು ವಿದ್ಯಾರ್ಥಿಗಳು ಅಂದಿನಿಂದ ಇನ್ನಷ್ಟು ಗೌರವಿಸಿರಬೇಕೆಂದು ನಾನು ನಂಬುತ್ತೇನೆ.

ಆದರೂ ಆ ವಿಶ್ವವಿದ್ಯಾನಿಲಯದ ಬೋಧಕರಲ್ಲಿ ಅರ್ಧಕ್ಕೂ ಮಿಕ್ಕವರು ಇಂದಿಗೂ ಅರೆಕಾಲಿಕರು. ಒಂದೊಂದು ಸತ್ರಕ್ಕೆ ಒಂದೊಂದು ಪಠ್ಯಕ್ಕೆಂದು ನೇಮಕಗೊಂಡು, ಬೆಳಗ್ಗೆ ಒಂದು ಕಾಲೇಜು, ಸಂಜೆ ಇನ್ನೊಂದು ಕಾಲೇಜು ಎಂದು ನಗರದ ಈ ತುದಿಯಿಂದ ಆ ತುದಿಗೆ ಓಡಾಡುವ ಅವರ ಪಾಡನ್ನು, ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಒಂದು ಪಠ್ಯಕ್ಕೆ 7,000 ಡಾಲರು ಕೊಡಿ, ಇಲ್ಲವೆ ಮುಷ್ಕರ ಎಂಬ ಬೇಡಿಕೆಯನ್ನು ಅವರು ಹಿಡಿದುಕೊಂಡು ನಿಂತ ಮೇಲೆ, 2019ರ ಒಪ್ಪಂದದಲ್ಲಿ ಕನಿಷ್ಠ ವೇತನವನ್ನು ಹಂತಹಂತವಾಗಿ 5,500 ಡಾಲರಿಗೆ ಏರಿಸಲು ಆಡಳಿತವು ಒಪ್ಪಿತು. ಮುಂದಿನ ಒಪ್ಪಂದದಲ್ಲಿ ಅದು ಮತ್ತೂ ಏರಿತು. ಬಹುಕಾಲ ಬಿಡದೆ ಸೇವೆ ಸಲ್ಲಿಸಿದ ಅರೆಕಾಲಿಕರಿಗೆ ಮೂರು ವರ್ಷಗಳ ನೇಮಕವನ್ನು ಕೊಡುವ ಏರ್ಪಾಡನ್ನು 2016ರ ಒಪ್ಪಂದದಲ್ಲಿಯೇ ಪಡೆದುಕೊಂಡಿದ್ದರು. ಈ ಎರಡರಲ್ಲಿ ನಾನು ಹೆಚ್ಚೆಂದು ಎಣಿಸುವುದು ಎರಡನೆಯದನ್ನೇ. ಮುಂದಿನ ಸತ್ರದಲ್ಲಿ ತನಗೆ ಕೆಲಸವಿದೆಯೆಂದು ತಿಳಿದ ಅಧ್ಯಾಪಕಿಗೆ, ಪ್ರಬಂಧದಲ್ಲಿ ಅರ್ಧಕ್ಕೆ ನಿಂತ ವಿದ್ಯಾರ್ಥಿಯೊಡನೆ, ‘ಇದನ್ನು ಬೇಸಗೆಯಲ್ಲಿ ಇನ್ನೊಮ್ಮೆ ಬರೆದು ತನ್ನಿ, ಸೆಪ್ಟೆಂಬರಿನಲ್ಲಿ ಕೂತು ನೋಡೋಣ’ ಎಂದು ಹೇಳಲು ಸಾಧ್ಯವಾಗುತ್ತದೆ.